ಓಟಿ ನೋಡುವವನೇ ಕೊಳ್ಳುವವನು

ಕಂಪನಿಯ ಸಂಶೋಧನೆಗೆ ಕಂಪನಿಯದೇ "ಆಂತರಿಕ ಪರಿಶೀಲನೆ" ಅಂದರೇನೆಂದು ಗೋಣಿಕೊಪ್ಪದಲ್ಲಿ ಒಂದು ಲೋಡು ರೋಬಸ್ಟಾ ಕಾಫಿ ಚೆರಿ ಮಾರಿದವರಿಗೆ ಹೇಳಿಕೊಡಬೇಕಿಲ್ಲ. ವ್ಯಾಪಾರಿಯ ಹುಡುಗ ನಾಲ್ಕು ಚೀಲಕ್ಕೆ ಕೊಳವೆ ಚುಚ್ಚಿ ಸ್ಯಾಂಪಲ್ ತೆಗೆಯುತ್ತಾನೆ, ಪುಟ್ಟ ಮಿಷನ್ನಿನಲ್ಲಿ ಸಿಪ್ಪೆ ಬಿಡಿಸಿ, ಕಪ್ಪು ಕಾಳು, ಚೂರು ಆರಿಸಿ ಬೀನ್ಸ್ ತೂಗುತ್ತಾನೆ. 50 ಕೆಜಿ ಚೀಲಕ್ಕೆ 28 ಕೆಜಿ ಬಂದರೆ ಓಟಿ, ಅಂದರೆ ಔಟ್‌ಟರ್ನ್, 28. ದರ ಓಟಿಗಿಷ್ಟು ಅಂತ ಇರುವುದರಿಂದ ಒಂದು ಪಾಯಿಂಟ್ ಜಾರಿದರೆ ಚೀಲಚೀಲಕ್ಕೂ ಕತ್ತರಿ. ತೇವ ಶೇಕಡಾ 11ಕ್ಕೆ ಇಳಿದಿರಬೇಕು. ವ್ಯಾಪಾರಿಯ ಮೀಟರು 13 ಬಿಟ್ಟು ಕದಲುವುದಿಲ್ಲ. ಹೊರಗೆ ಬೆನ್ನು ಸುಡುವ ಬಿಸಿಲು, ಮೀಟರಿನೊಳಗೆ ಮಾತ್ರ ಜಡಿಮಳೆಯ ಕಕ್ಕಡ ತಿಂಗಳು.

ಗೂಗಲ್ಲಿನ ಗಿಳಿ ಜಗಳ ನೆನಪಿದೆಯಲ್ಲ, 2020ರ ಡಿಸೆಂಬರಿನದು? ದೊಡ್ಡ ಭಾಷಾ ಮಾದರಿಗಳು, ಅಂದರೆ ರಾಶಿ ಬರಹ ಓದಿ ಮಾತು ಹೆಣೆಯುವ ಎಐಗಳು, ಕರೆಂಟು ನುಂಗುತ್ತವೆ, ಇಂಟರ್ನೆಟ್ಟಿನ ಪೂರ್ವಗ್ರಹಗಳನ್ನೇ ಗಿಳಿಪಾಠ ಒಪ್ಪಿಸುತ್ತವೆ ಎಂದು ಗೂಗಲ್ಲಿನದೇ ಎಐ ನೀತಿ ಸಂಶೋಧಕಿ ತಿಮ್ನಿಟ್ ಗೆಬ್ರು ಮತ್ತಿತರರು ಪ್ರಬಂಧ ಬರೆದರು. ಪರಿಶೀಲನೆಗೆ ಎರಡು ವಾರ ಬೇಕಿತ್ತು, ಸಲ್ಲಿಕೆಯ ಗಡುವಿಗೆ ಒಂದೇ ದಿನ ಇದ್ದಾಗ ಕೊಟ್ಟಿರಿ ಎಂದರು ಆಗ ಗೂಗಲ್ ಎಐ ಮುಖ್ಯಸ್ಥರಾಗಿದ್ದ ಜೆಫ್ ಡೀನ್. ಒಪ್ಪೋಣ, ಅಂಗಡಿ ಮುಚ್ಚುವ ಹೊತ್ತಿಗೆ ಲೋಡು ತಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಹೊಸ ಸಂಶೋಧನೆಗಳನ್ನು ಸಾಕಷ್ಟು ಗಮನಿಸಿಲ್ಲ ಎಂಬುದು ಇನ್ನೊಂದು ತಕರಾರು. ಪ್ರಬಂಧದಲ್ಲಿ ಉಲ್ಲೇಖಗಳಿದ್ದದ್ದು 128. ಪ್ರಮಾದವೆಲ್ಲ ಆ 129ನೆಯದರಲ್ಲೇ ಇದ್ದಿರಬೇಕು. ಪರಿಹಾರವೂ ಸಿದ್ಧವಿತ್ತು: ಪ್ರಬಂಧ ವಾಪಸ್ ತಗೊಳ್ಳಿ, ಇಲ್ಲವೇ ಗೂಗಲ್ ನೌಕರರ ಹೆಸರು ತೆಗೆಯಿರಿ. ಚೀಲದ ಮೇಲಿನ ತೋಟದ ಹೆಸರು ಉಜ್ಜಿದರೆ ಒಳಗಿನ ಕಾಳಿನ ದೋಷ ಹೋಗುತ್ತದಂತೆ! ಒಪ್ಪದಿದ್ದರೆ ಕೆಲಸ ಬಿಡುವ ದಿನ ಗೊತ್ತುಮಾಡೋಣ ಎಂದು ಗೆಬ್ರು ಷರತ್ತು ಹಾಕಿದರು. ಕಂಪನಿ ಅದನ್ನೇ ರಾಜೀನಾಮೆ ಎಂದು ಸ್ವೀಕರಿಸಿತು.

ಅದೇ ತಿಂಗಳು ರಾಯಿಟರ್ಸ್ ಇನ್ನೊಂದು ಸುದ್ದಿ ಕೊಟ್ಟಿತು. "ಸೂಕ್ಷ್ಮ ವಿಷಯ"ಗಳಿಗೆ ಗೂಗಲ್ಲಿನಲ್ಲಿ ಹೆಚ್ಚುವರಿ ಪರಿಶೀಲನೆ ಇತ್ತು, ಒಂದು ಪ್ರಬಂಧದ ಕರಡು ಪ್ರತಿಗಂತೂ ಧಾಟಿ ಸಕಾರಾತ್ಮಕವಾಗಿರಲಿ ಎಂಬ ಸೂಚನೆ ಬಂದಿತ್ತು. ಗಿಳಿಶಾಸ್ತ್ರದವನ ಕಟ್ಟಿನಲ್ಲೂ ಹಾಗೇ, ನಿನ್ನ ಮನೆ ಹಾಳಾಗುತ್ತದೆ ಅನ್ನುವ ಕಾರ್ಡು ಇರುವುದಿಲ್ಲ. ಗಿಳಿ ಏನು ಮಾಡೀತು, ಇದ್ದದ್ದರಲ್ಲಿ ಒಂದು ಎತ್ತುತ್ತದೆ.

ತಪ್ಪಿದ್ದರೆ ಇಂಥ ಪುಟ, ಇಂಥ ಸಾಲು ಅಂತ ತೋರಿಸಿ. ವ್ಯಾಪಾರದ ಗುಟ್ಟೋ ಬಳಕೆದಾರರ ಮಾಹಿತಿಯೋ ಸೋರುತ್ತಿದ್ದರೆ ತಡೆಯಿರಿ, ಪರಿಶೀಲನೆ ಇರುವುದೇ ಅದಕ್ಕೆ. ಬರಹ ಹಿಡಿಸಲಿಲ್ಲ, ಹೆಸರು ತೆಗೆ ಅನ್ನುವುದಕ್ಕೂ ಅದೇ ಹೆಸರಿಡಬೇಡಿ. ಕೇಳಿ ಕೇಳಿ ಸಾಕಾಗಿದೆ.

2021ರ ಫೆಬ್ರವರಿಯಲ್ಲಿ ಸಹಲೇಖಕಿ ಮಾರ್ಗರೆಟ್ ಮಿಚೆಲ್ ಅವರ ಕೆಲಸವೂ ಹೋಯಿತು. ನೀತಿಸಂಹಿತೆ ಮುರಿದರು ಎಂದಿತು ಕಂಪನಿ. ಮಾರ್ಚಿನಲ್ಲಿ ಪ್ರಬಂಧ ಪ್ರಕಟವಾಯಿತು. ಲೇಖಕರ ಸಾಲಿನ ಕೊನೆಗೆ ಶ್ಮಾರ್ಗರೆಟ್ ಶ್ಮಿಚೆಲ್ ಎಂಬುವರಿದ್ದಾರೆ. ಹೆಸರು ತೆಗೆಯಿರಿ ಅಂದಿದ್ದರಲ್ಲ, ತೆಗೆದಿದ್ದಾರೆ.