ಗುಡುಗಿದರೆ ಸಲಾಡ್ ಇಲ್ಲ

ಟೊರಾಂಟೊದಲ್ಲಿ ಎಲೆ ಉದುರಲು ಶುರುವಾದರೆ ಕಟಪಾಡಿಯ ನಮ್ಮ ಅಡುಗೆಮನೆಗೆ ಕಷ್ಟ. ನಾದಿನಿ ವಿಡಿಯೋ ಕಳಿಸುತ್ತಾಳೆ. ಈ ಸಲದ್ದು ಧಾನ್ಯದ ಸಲಾಡ್. ಫಾರೋ ಅಂತ ಇಟಲಿ ಕಡೆಯ ಒಂದು ಹಳೇ ಜಾತಿಯ ಗೋಧಿ, ಓವನ್‌ನಲ್ಲಿ ಸುಟ್ಟ ಕುಂಬಳ, ಕೇಲ್ ಸೊಪ್ಪು, ಸೇಬು, ಒಣಗಿದ ಕ್ರ್ಯಾನ್‌ಬೆರಿ, ಮೇಲೆ ಮೇಪಲ್ ಸಿರಪ್. "ಅತ್ತಿಗೆ, ಚಳಿಗೆ ಹೊಟ್ಟೆ ಬೆಚ್ಚಗಾಗ್ತದೆ, ನೀವೂ ಮಾಡಿ." ಚಳಿಯಂತೆ! ಇಲ್ಲಿ ಅಕ್ಟೋಬರ್‌ನಲ್ಲಿ ಸ್ನಾನ ಮುಗಿಸಿ ಟವೆಲ್ ಒಣಗಲು ಹಾಕುವಷ್ಟರಲ್ಲಿ ಮತ್ತೆ ಬೆವರು.

ಆದರೂ ಮಾಡಿದೆ. ಫಾರೋ ಜಾಗಕ್ಕೆ ಕುಚ್ಚಲಕ್ಕಿ. ಇದರಲ್ಲಿ ನನಗೆ ಯಾವ ಸಂಕೋಚವೂ ಇಲ್ಲ. ಭತ್ತವನ್ನೇ ಬೇಯಿಸಿ ಒಣಗಿಸಿ ಮಾಡುವ ಅಕ್ಕಿ ಅಲ್ವಾ, ಗಂಜಿ ಬಸಿದು ಹರಡಿ ಆರಲು ಬಿಟ್ಟರೆ ಒಂದಕ್ಕೊಂದು ಅಂಟದೆ ಅಗುಳಗುಳಾಗಿ ನಿಲ್ಲುತ್ತದೆ, ಸಲಾಡಿಗೆ ಇನ್ನೆಂತ ಬೇಕು? ಕುಂಬಳಕ್ಕೆ ನಮ್ಮ ಚೀನಿಕಾಯಿ, ಸಿರಪ್‌ಗೆ ಜೋನಿ ಬೆಲ್ಲ ಮತ್ತು ಲಿಂಬೆಹುಳಿ, ಕ್ರ್ಯಾನ್‌ಬೆರಿಗೆ ಒಣದ್ರಾಕ್ಷಿ, ಸೇಬಿನ ಬದಲು ಮುಳ್ಳುಸೌತೆ, ಮೇಲಿಂದ ಹುರಿದ ಗೇರುಬೀಜ. ಕೇಲ್ ಜಾಗ ಖಾಲಿ ಬಿಟ್ಟೆ. ಹಸಿ ಹರಿವೆ ತಿನ್ನಿಸಿ ಬೈಸಿಕೊಳ್ಳುವ ಆಸೆ ನನಗಿಲ್ಲ.

ಚೀನಿಕಾಯಿ ಹೋಳಿಗೆ ಎಣ್ಣೆ, ಉಪ್ಪು, ಕಾಳುಮೆಣಸು ಸವರಿ 200 ಡಿಗ್ರಿಯ ಓವನ್‌ಗೆ ತಳ್ಳಿದೆ. ಅರ್ಧ ಗಂಟೆ ಸಾಕು. ಅಷ್ಟರಲ್ಲಿ ಘಟ್ಟದ ಕಡೆಯಿಂದ ಗುಡುಗಿತು.

ಕಾರ್ಕಳದ ಆಚೆಯದ್ದಿರಬೇಕು, ನನಗೆ ಕೇಳಿಸಿದ್ದೇ ಅನುಮಾನ. ಮಾವನಿಗೆ ಕೇಳಿಸಿತು. (ಇದೇ ಮಾವನಿಗೆ ಬಾಗಿಲ ಬೆಲ್ ಕೇಳಿಸುವುದಿಲ್ಲ.) ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಧೋ ಅಂತ ಸುರಿದರೂ ನಮ್ಮಲ್ಲಿ ಸಿಡಿಲು ಕಡಿಮೆ, ಆ ಮಳೆ ಹೋದ ಮೇಲೆ ಸಂಜೆ ಹೊತ್ತು ಘಟ್ಟದ ಮೇಲೆ ಮೋಡ ಕಟ್ಟುತ್ತದಲ್ಲ, ಆಗ ಮಾವನ ಡ್ಯೂಟಿ ಶುರು. ಪೇಪರ್ ಮಡಚಿಟ್ಟು, ಹವಾಯಿ ಚಪ್ಪಲಿ ಹಾಕಿಕೊಂಡು ಹೊರಡುತ್ತಾರೆ. ರಬ್ಬರ್ ಸೇಫ್ ಅಂತೆ. ಮೊದಲು ಟಿವಿ. ಆಮೇಲೆ ವೈಫೈ, ಅಲ್ಲಿಗೆ ನಮ್ಮ ಯಜಮಾನರ ಮೀಟಿಂಗ್ ಮುಗಿಯಿತು. ಫ್ರಿಜ್, ಮಿಕ್ಸಿ, ವಾಷಿಂಗ್ ಮಷಿನ್. ಇಸ್ತ್ರಿಪೆಟ್ಟಿಗೆ ಕಪಾಟಿನ ಒಳಗೇ ಇತ್ತು, ಆದರೂ ಬಾಗಿಲು ತೆಗೆದು ನೋಡಿ ಬಂದರು. ಮೊಬೈಲ್ ಚಾರ್ಜರ್‌ಗಳನ್ನು ಬರೀ ಕಿತ್ತರೆ ಸಮಾಧಾನವಿಲ್ಲ, ಯಾರೂ ಪುನಃ ಹಾಕಬಾರದು ಅಂತ ಕಿಸೆಗೇ ಹಾಕಿಕೊಳ್ಳುತ್ತಾರೆ. ಹೀಗೆ ಎರಡೂ ಕಿಸೆಯಿಂದ ವಯರ್ ನೇತಾಡಿಸಿಕೊಂಡು ಅಡುಗೆಮನೆಗೆ ಬಂದರು.

"ಮಾವಾ, ಓವನ್ ಒಂದು ಬಿಡಿ. ಇನ್ನು ಹತ್ತೇ ನಿಮಿಷ."

"ಹತ್ತು ನಿಮಿಷ ನಿನಗೆ ಬೇಕು. ಸಿಡಿಲಿಗೆ ಅಷ್ಟೆಲ್ಲ ಬೇಡ ಮಾರಾಯ್ತಿ." ಕಿತ್ತೇ ಬಿಟ್ಟರು.

ಹಿಂದೊಮ್ಮೆ ಹಿತ್ತಿಲ ತೆಂಗಿನಮರಕ್ಕೆ ಸಿಡಿಲು ಬಡಿದು ಹೊಸ ಟಿವಿ ಸುಟ್ಟುಹೋದದ್ದು ನಿಜ, ಹಾಗಾಗಿ ವಾದ ಮಾಡುವಂತಿಲ್ಲ. ಅತ್ತೆ ಇರುವಾಗ ಇದೊಂದು ಸಮಸ್ಯೆಯೇ ಆಗಿರಲಿಲ್ಲ. ಗುಡುಗು ನಿಂತ ಕೂಡಲೇ ಗೊಣಗುತ್ತಾ ಒಂದೊಂದೇ ಪ್ಲಗ್ ಹಾಕಿಕೊಂಡು ಬರುತ್ತಿದ್ದರು. ಮಾವ ಕೀಳುವವರು, ಅತ್ತೆ ಹಾಕುವವರು. ಈಗ ಕೀಳುವ ಕೆಲಸ ಮಾತ್ರ ತಪ್ಪದೆ ನಡೆಯುತ್ತಿದೆ.

ಅರೆಬೆಂದ ಹೋಳುಗಳನ್ನು ಕಾವಲಿಗೆ ಹಾಕಿ ಮುಚ್ಚಿ ಹೇಗೋ ಬೇಯಿಸಿ, ಎಲ್ಲ ಕಲಸಿ ಬಟ್ಟಲಿಗೆ ಹಾಕಿ ಕೊಟ್ಟೆ. ಮಾವ ಅದನ್ನು ಮುಂದಿಟ್ಟುಕೊಂಡು ಸುಮ್ನೆ ಕೂತರು.

"ಅನ್ನ ಬರ್ಲಿ."

"ಅನ್ನ ಅದರಲ್ಲೇ ಉಂಟು ಮಾವಾ."

ಚಮಚದಲ್ಲಿ ಕೆದಕಿ ನೋಡಿದರು. "ಪಲ್ಯದ ಒಳಗೆ ಅನ್ನ ಯಾಕೆ ಹಾಕಿದ್ದು?" ಬೇರೆ ಅನ್ನ ಹಾಕಿಸಿಕೊಂಡು, ಸಾರು ಸುರಿದು, ಸಲಾಡನ್ನು ನಂಜಿಕೊಂಡು ಉಂಡರು. ರುಚಿ ಉಂಟಂತೆ. ಸ್ವಲ್ಪ ತೆಂಗಿನತುರಿ ಬೇಕಿತ್ತಂತೆ.

ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು ಮಲಗಿದೆವು. ಬೆಳಿಗ್ಗೆ ಸಲಾಡ್ ಹಳಸಿತ್ತು, ಹಾಲು ಒಡೆದಿತ್ತು, ಫ್ರಿಜ್‌ನ ಪ್ಲಗ್ ಇನ್ನೂ ನೇತಾಡುತ್ತಿತ್ತು. ಯಾರು ಹಾಕಬೇಕಿತ್ತು ಅಂತ ಈಗ ಮನೆಯಲ್ಲಿ ಚರ್ಚೆ. "ಕಿತ್ತದ್ದು ನಾನೇ, ಇಲ್ಲ ಹೇಳುದಿಲ್ಲ. ಹಾಕುದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ" ಅಂತ ಮಾವ ಪೇಪರ್ ಬಿಡಿಸಿದರು.