ಕನಸಿನ ಸೀನಿಗೆ ಹೊಗೆ ಬಿಡೋದು ನಿಲ್ಸಿ ದಯವಿಟ್ಟು

ನಿನ್ನೆ ರಾತ್ರಿ ಒಂದು ಹೊಸ ಸಿನಿಮಾ ನೋಡ್ತಾ ಕೂತಿದ್ದೆ, ಚೆನ್ನಾಗೇ ಹೋಗ್ತಿತ್ತು, ಅಷ್ಟರಲ್ಲಿ ಹೀರೋಗೆ ತೀರಿಹೋದ ತಾಯಿ ಕನಸಲ್ಲಿ ಬಂದ್ಲು. ತಕ್ಷಣ ಹೊಗೆ. ಬಿಳಿ ಸೀರೆ, ಸ್ಲೋ ಮೋಷನ್, ದನಿಗೆ ಎಕೋ, ಅವನು ಕಣ್ತುಂಬ ನೀರು ತುಂಬ್ಕೊಂಡು "ಅಮ್ಮಾ, ಬಂದ್ಯಾ" ಅಂತಾನೆ. ಟಿವಿ ಆಫ್ ಮಾಡಿ ಎದ್ದೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೀತಿದೀನಿ.

ನಿಮಗ್ಯಾರಿಗಾದ್ರೂ ಕನಸಲ್ಲಿ ಹೊಗೆ ಕಂಡಿದ್ಯಾ? ಒಳಗಿದ್ದಾಗ ಇದು ಕನಸು ಅಂತ ಅನ್ಸೋದೇ ಇಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತಿರ್ತೀವಿ, ಪಕ್ಕದ ಬೆಂಚಲ್ಲಿ ಈಗಿನ ಆಫೀಸಿನ ಮ್ಯಾನೇಜರ್ರು, ಕಿಟಕಿ ಆಚೆ ಅಜ್ಜಿ ಮನೆ ಕೊಟ್ಟಿಗೆ, ಒಂಚೂರೂ ಆಶ್ಚರ್ಯ ಆಗಲ್ಲ. ಇದಕ್ಕೆ ಕಾರಣಾನೂ ಇದೆ. ಕಥೆ ತರ ಉದ್ದುದ್ದ ಕನಸು ಬೀಳೋದು ಹೆಚ್ಚಾಗಿ ರೆಮ್ ನಿದ್ದೇಲಿ, ಮುಚ್ಚಿದ ರೆಪ್ಪೆ ಕೆಳಗೆ ಕಣ್ಣುಗುಡ್ಡೆ ಸರಸರ ಓಡಾಡೋ ಹೊತ್ತು, 1953ರಲ್ಲಿ ಶಿಕಾಗೋದ ನಿದ್ದೆ ಸಂಶೋಧಕರು ಅಸೆರಿನ್ಸ್ಕಿ ಮತ್ತೆ ಕ್ಲೈಟ್‌ಮನ್ ಇದರ ಬಗ್ಗೆ ಬರೆದ್ರು. ಆ ಹೊತ್ತಲ್ಲಿ ಮೆದುಳಲ್ಲಿ ಭಾವನೆಗೆ ಸಂಬಂಧಪಟ್ಟ ಭಾಗಗಳು ಜೋರಾಗಿ ಕೆಲಸ ಮಾಡ್ತಿರ್ತವೆ, ಹಣೆ ಹಿಂದೆ ಕೂತು "ಇದು ಹೇಗೆ ಸಾಧ್ಯ" ಅಂತ ಕೇಳೋ ಭಾಗ ಮಂಕಾಗಿರುತ್ತೆ. ಅಳು, ಭಯ ಎಲ್ಲಾ ಇರುತ್ತೆ, ಅನುಮಾನ ಇರಲ್ಲ. ನಮ್ಮ ಸಿನಿಮಾದವರು ಆ ಅನುಮಾನಾನೇ ಹೊಗೆ ಮಾಡಿ ಮೊದಲು ಬಿಡ್ತಾರೆ. ಕನಸೊಳಗೇ ಇದು ಕನಸು ಅಂತ ಗೊತ್ತಾಗೋರೂ ಇದಾರೆ, ಲೂಸಿಡ್ ಡ್ರೀಮ್ ಅಂತಾರೆ, ಒಪ್ತೀನಿ, ಆದ್ರೆ ಅದು ಅಪರೂಪ, ಅವರಿಗೂ ಹೊಗೆ ಕಾಣಲ್ಲ.

"ನೋಡೋರಿಗೆ ಅರ್ಥ ಆಗ್ಬೇಕಲ್ಲ" ಅಂದ ಗೆಳೆಯ. ಯಾಕ್ ಆಗಲ್ಲ? 1945ರಲ್ಲೇ ನಿರ್ದೇಶಕ ಹಿಚ್‌ಕಾಕ್ ತನ್ನ 'ಸ್ಪೆಲ್‌ಬೌಂಡ್' ಸಿನಿಮಾಗೆ ಚಿತ್ರಕಾರ ಸಾಲ್ವಡಾರ್ ಡಾಲಿನ ಕರೆಸಿದ್ದು ಮಸುಕು ಮಸುಕು ಕನಸು ಬೇಡ, ಗೆರೆ ಗೆರೆ ಸ್ಪಷ್ಟವಾಗಿ ಕಾಣ್ಬೇಕು ಅಂತ. 2010ರ 'ಇನ್ಸೆಪ್ಷನ್'ನಲ್ಲಿ ಪ್ಯಾರಿಸ್ಸಿನ ಕೆಫೆಲಿ ಕೂತ ಹುಡುಗಿಗೆ ಇಲ್ಲಿಗೆ ಹೇಗೆ ಬಂದೆ ಅಂತ ಕೇಳೋವರ್ಗೂ ಅದು ಕನಸು ಅಂತ ಅವಳಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಅಷ್ಟು ದೂರ ಯಾಕೆ, ಪವನ್ ಕುಮಾರ್ ಜನರ ಹತ್ರಾನೇ ದುಡ್ಡು ಸೇರಿಸಿ 2013ರಲ್ಲಿ ಮಾಡಿದ ನಮ್ಮ 'ಲೂಸಿಯಾ' ತಗೊಳ್ಳಿ. ಥೇಟರಲ್ಲಿ ಟಾರ್ಚ್ ಬಿಟ್ಟು ಸೀಟು ತೋರಿಸೋ ನಿಕ್ಕಿ ಬದುಕು ಬಣ್ಣದಲ್ಲಿ, ಅವನು ಕನಸಲ್ಲಿ ಕಾಣೋ ಸಿನಿಮಾ ಸ್ಟಾರ್ ಬದುಕು ಕಪ್ಪು ಬಿಳುಪಲ್ಲಿ, ಬಣ್ಣ ಇರೋದೇ ನಿಜ ಅಂತ ನಾವೇ ನಂಬ್ಕೊಂಡು ಕೂತ್ವಿ, ಕೊನೇಲಿ ನೋಡಿದ್ರೆ ಉಲ್ಟಾ. ನಮ್ಮ ಜನಕ್ಕೆ ಅರ್ಥ ಆಗ್ಲಿಲ್ವಾ?

ಅಪ್ಪ ಹೋಗಿ ನಾಲ್ಕು ವರ್ಷ ಆಯ್ತು, ನಿಮಗೆಲ್ಲ ಗೊತ್ತು. ಆಮೇಲೆ ಎಷ್ಟೋ ಸಲ ಕನಸಲ್ಲಿ ಬಂದಿದಾರೆ. ಹೋದ ವಾರ ಬಂದಾಗ ಜಗಲಿ ಮೇಲೆ ಕೂತು ಮುರಿದ ಕನ್ನಡಕದ ಕಡ್ಡಿಗೆ ದಾರ ಸುತ್ತಾ ಇದ್ರು. ದಾರ ಹಲ್ಲಲ್ಲಿ ಕಚ್ಚಿ ಹರಿದು "ಹಾಲು ಬಂತೇನೋ" ಅಂದ್ರು, ನಾನು ಮೊಬೈಲಿಂದ ತಲೆ ಎತ್ತದೆ "ಇನ್ನೂ ಇಲ್ಲಪ್ಪ" ಅಂದೆ. ಅಷ್ಟೇ ಕನಸು. ಎಚ್ಚರ ಆದ್ಮೇಲೆ ಹಾಸಿಗೆ ಮೇಲೇ ಕೂತು ಅತ್ತುಬಿಟ್ಟೆ, ಎದುರಿಗೇ ಇದ್ರಲ್ಲ, ಒಂದ್ಸಲ ಸರಿಯಾಗಿ ಮುಖ ನೋಡ್ಬಾರ್ದಿತ್ತಾ ಅಂತ. ಏನ್ ಮಾಡ್ಲಿ, ಕನಸಲ್ಲಿ ಅವರು ಹೋಗಿರ್ಲೇ ಇಲ್ಲ, ನೋಡೋ ಅವಸರಾನೂ ನಂಗಿರ್ಲಿಲ್ಲ.

ಆ ಹೀರೋನೂ ಹಂಗೇ ಇರ್ಲಿ. ತಿಂಡಿ ಏನಮ್ಮ ಅಂತ ಕೇಳ್ಲಿ, ಉಪ್ಪಿಟ್ಟು ಅಂದ್ರೆ ಮುಖ ಸಿಂಡರಿಸ್ಲಿ, ಬ್ಯಾಗ್ ಹಾಕ್ಕೊಂಡು ಅವಳ ಕಡೆ ತಿರುಗೂ ನೋಡದೆ ಹೊರಟುಬಿಡ್ಲಿ. ಆಮೇಲೆ ಎಚ್ಚರ ಆಗ್ಲಿ, ಅಡುಗೆಮನೆ ಲೈಟು ಆರಿರ್ಲಿ.