ಡಬ್ಲಿನ್‌ಗೆ ಬಂದ ಭಾವ ಮತ್ತು ದಿನಬಾಡಿಗೆಯ ಲೆಕ್ಕ

ಅಕ್ಕ-ಭಾವ ಜೂನ್‌ನಲ್ಲಿ ನಾನಿರುವ ಐರ್ಲೆಂಡಿನ ಡಬ್ಲಿನ್‌ಗೆ ಬರುವುದಕ್ಕೆ ಎರಡು ತಿಂಗಳು ಮೊದಲೇ ಭಾವನ ಪಟ್ಟಿ ವಾಟ್ಸಾಪ್‌ನಲ್ಲಿ ಬಂದು ಕೂತಿತ್ತು. ನಾಲ್ಕು ದಿನ, ಹದಿಮೂರು ಜಾಗ. ಮೊದಲ ದಿನ ಹತ್ತಿರದ ಕಡಲೂರುಗಳಾದ ಹೋತ್, ಮ್ಯಾಲಹೈಡ್. ಎರಡನೇ ದಿನ ಪಶ್ಚಿಮ ತೀರದ ಮೋಹರ್ ಬಂಡೆಗಳು. ಮೂರನೇ ದಿನ ಉತ್ತರದ ಜೈಂಟ್ಸ್ ಕಾಸ್‌ವೇ ಎಂಬ ಕಲ್ಲುಕಂಬಗಳ ಕಡಲತೀರ. ನಾಲ್ಕನೇ ದಿನ ‘ಸಿಟಿ, ಶಾಪಿಂಗ್, ಉಳಿದದ್ದು’. ಕೊನೆಗೊಂದು ಸಾಲು: ‘ಏಳು ಸೀಟಿನ ಗಾಡಿ ದಿನಕ್ಕೆ ಎಷ್ಟಾಗುತ್ತೆ, ವಿಚಾರಿಸಿಡೋ.’

ನನಗೆ ನಗು ಬಂತು, ಆದರೆ ಭಾವನ ಮೇಲಲ್ಲ. ಶಿವಮೊಗ್ಗದಲ್ಲಿ ಬೆಳೆದ ನಾನೂ ಸಮುದ್ರ ನೋಡಿದ್ದೇ ಹಾಗೆ. ಬೆಳಗಿನ ಜಾವ ನಾಲ್ಕಕ್ಕೆ ಮನೆ ಮುಂದೆ ಟೆಂಪೋ. ಡಬ್ಬಿಯಲ್ಲಿ ಚಿತ್ರಾನ್ನ, ಇನ್ನೊಂದರಲ್ಲಿ ಚಪಾತಿ, ಚಟ್ನಿಪುಡಿ. ಆಗುಂಬೆಯ ಹದಿನಾಲ್ಕು ತಿರುವು ಮುಗಿಯುವಷ್ಟರಲ್ಲಿ ಯಾರಾದರೊಬ್ಬರಿಗೆ ವಾಂತಿ. ಉಡುಪಿ ಮಠದಲ್ಲಿ ದರ್ಶನ, ಮಲ್ಪೆಯಲ್ಲಿ ಅರ್ಧ ಗಂಟೆ, ಕಾಪು ದೀಪಸ್ತಂಭ, ಕತ್ತಲಾಗುವ ಮುಂಚೆ ಇನ್ನೊಂದೆರಡು ದೇವಸ್ಥಾನ. ‘ಇಳೀರಿ, ಹತ್ತು ನಿಮಿಷ ಅಷ್ಟೇ’ ಎಂಬ ಮಾತು ದಿನವಿಡೀ ಕಿವಿಯಲ್ಲಿ. ಕಾಲು ನೆನೆಸಿದ ಮರಳು ಒಣಗುವ ಮೊದಲೇ ಮತ್ತೆ ಸೀಟು.

ಹೊರನಾಡಿಗೆ ಬಂದ ಹೊಸದರಲ್ಲಿ ನನಗೂ ಎಲ್ಲರಿಗೂ ತಗಲುವ ಜಾಡ್ಯ ತಗಲಿತ್ತು: ನಮ್ಮವರಿಗೆ ಪ್ರವಾಸ ಮಾಡೋಕೆ ಬರೋದಿಲ್ಲ, ಇವರನ್ನು ನೋಡಿ, ಒಂದು ಬೆಂಚಿನ ಮೇಲೆ ಮೂರು ಗಂಟೆ ಸಮುದ್ರ ನೋಡುತ್ತಾ ಕೂರುತ್ತಾರೆ ಅಂತ. ಈಗ ಆ ಮಾತು ವಾಪಸ್ ತೆಗೆದುಕೊಂಡಿದ್ದೇನೆ. ಆತುರ ನಮ್ಮ ಸ್ವಭಾವದಲ್ಲಿ ಇರುವುದಲ್ಲ, ದಿನಬಾಡಿಗೆಯಲ್ಲಿ ಇರುವುದು. ಗಾಡಿಗೆ ದಿನದ ಲೆಕ್ಕದಲ್ಲಿ ದುಡ್ಡು ಕೊಟ್ಟ ಮೇಲೆ ಮಲ್ಪೆಯಲ್ಲಿ ಸಂಜೆಯವರೆಗೆ ಕೂರುವುದೆಂದರೆ ಬಾಡಿಗೆ ಕೊಟ್ಟ ಗಾಡಿಯನ್ನು ನೆರಳಿನಲ್ಲಿ ಮಲಗಿಸಿದಂತೆ. ಯಾವ ಗೃಹಸ್ಥನ ಕರುಳು ತಡೆದೀತು?

ಡಬ್ಲಿನ್‌ನಲ್ಲಿ ಆ ಲೆಕ್ಕವೇ ಹುಟ್ಟುವುದಿಲ್ಲ. ಇಲ್ಲಿ ಡಾರ್ಟ್ ಎಂಬ ರೈಲು ಕಡಲ ಅಂಚನ್ನೇ ಹಿಡಿದು ಓಡುತ್ತದೆ. ಉತ್ತರಕ್ಕೆ ಹೋತ್ ಮತ್ತು ಮ್ಯಾಲಹೈಡ್, ದಕ್ಷಿಣಕ್ಕೆ ಡನ್ ಲೀರಿ, ಡಾಕಿ, ಕಿಲೈನಿ, ಬ್ರೇ, ಗ್ರೇಸ್ಟೋನ್ಸ್. (ಡನ್ ಲೀರಿಯ ಕಾಗುಣಿತ ಬೋರ್ಡಿನಲ್ಲಿ ನೋಡಿ ಓದಲು ಹೋಗಬೇಡಿ, ಭಾವ ಮೂರು ದಿನ ಪ್ರಯತ್ನಿಸಿ ಸೋತರು.) ಹೋತ್‌ನಲ್ಲಿ ನಿಲ್ದಾಣದಿಂದ ಹೊರಬಿದ್ದರೆ ಎದುರಿಗೇ ಬಂದರು, ದೋಣಿಗಳ ನಡುವೆ ತಲೆಯೆತ್ತುವ ಸೀಲ್‌ಗಳು. ಊರಿನ ಮಧ್ಯದಿಂದ ಅಲ್ಲಿಗೆ ಅರ್ಧ ಗಂಟೆ, ಬ್ರೇಗೆ ಮುಕ್ಕಾಲು ಗಂಟೆ. ಬಸ್ಸು-ರೈಲಿಗೆ ಬಳಸುವ ಲೀಪ್ ಕಾರ್ಡಿಗೆ ದಿನದ ಮಿತಿ ಉಂಟು, ಅದು ಮುಟ್ಟಿದ ಮೇಲೆ ಆವತ್ತಿನ ಉಳಿದ ಓಡಾಟಕ್ಕೆ ಕಾಸು ಕಡಿಯುವುದಿಲ್ಲ. ಅದಕ್ಕಿಂತ ಮುಖ್ಯ, ಒಂದೇ ಊರಿಗೆ ಹೋದರೆ ಒಂದೇ ಊರಿನ ದುಡ್ಡು. ಕೂತಲ್ಲೇ ಕೂತರೆ ನಷ್ಟವಿಲ್ಲ.

ಇದೇನು ಇವರ ಜಾಣತನವೂ ಅಲ್ಲ. 1834ರಲ್ಲಿ ಈ ದೇಶದ ಮೊಟ್ಟಮೊದಲ ರೈಲುಹಳಿ ಹಾಕಿದ್ದೇ ಡಬ್ಲಿನ್‌ನಿಂದ ಆ ಡನ್ ಲೀರಿಯ ಬಂದರಿಗೆ. ಆಗ ಅದರ ಹೆಸರು ಕಿಂಗ್‌ಸ್ಟೌನ್. 1821ರಲ್ಲಿ ನಾಲ್ಕನೇ ಜಾರ್ಜ್ ದೊರೆ ಬಂದು ಹೋದ ನೆನಪಿಗೆ ಇಟ್ಟ ಹೆಸರನ್ನು 1920ರಲ್ಲಿ ಕಿತ್ತುಹಾಕಿದರು. ಹಡಗಿಗೆ ಹೋಗುವವರಿಗೆಂದು ಬಂದ ಹಳಿಯ ಗುಂಟ ಮನೆಗಳು ಬೆಳೆದವು, ಊರುಗಳು ಬೆಳೆದವು. ನಮ್ಮ ಕರಾವಳಿಯ ಕತೆ ತಿರುವುಮುರುವು. ದೇವಸ್ಥಾನ, ಬಂದರು, ಪೇಟೆ ಎಲ್ಲ ಎಷ್ಟೋ ಹಿಂದೆ ಬೆಳೆದು ನಿಂತ ಮೇಲೆ 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡಿತು. ಅದೂ ಮುಂಬೈ ಮುಟ್ಟಿಸುವ ದೂರದ ರೈಲು. ಉಡುಪಿ ನಿಲ್ದಾಣ ಇಂದ್ರಾಳಿಯಲ್ಲಿ, ಸಮುದ್ರ ಮಲ್ಪೆಯಲ್ಲಿ. ಗೋಕರ್ಣ ರೋಡ್ ಎಂಬ ಹೆಸರೇ ಹೇಳುತ್ತದಲ್ಲ, ಗೋಕರ್ಣಕ್ಕೆ ಇನ್ನೂ ರಸ್ತೆಯಿದೆ ಅಂತ.

ಹಾಗಂತ ಕರಾವಳಿಯವರನ್ನು ನಾನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ಮಂಗಳೂರು–ಉಡುಪಿ ನಡುವೆ ಒಂದರ ಬೆನ್ನಿಗೊಂದು ಬಸ್ಸು ಓಡುತ್ತದೆ. ಅಲ್ಲಿಯವರು ಸಂಜೆ ಪಣಂಬೂರಿಗೋ ಸೋಮೇಶ್ವರಕ್ಕೋ ಸುಮ್ಮನೆ ಹೋಗಿ, ಗಾಳಿ ಕುಡಿದು ಬರುತ್ತಾರೆ, ಥೇಟ್ ಡಬ್ಲಿನ್‌ನವರ ಹಾಗೆಯೇ. ಟೆಂಪೋ ಮಾಡಿಕೊಂಡು ಬರುವವರು ಘಟ್ಟದ ಮೇಲಿನ ನಾವು. ಘಟ್ಟದವರೂ ಮಂಗಳೂರಿನಲ್ಲಿ ಎರಡು ರಾತ್ರಿ ಒಂದೇ ಕಡೆ ಉಳಿದು, ಬಸ್ಸಿನಲ್ಲಿ ಒಂದು ದಿನಕ್ಕೆ ಒಂದು ಊರು ನೋಡಿದರೆ ಏನಾಗುತ್ತದೆ? ಈ ಪ್ರಶ್ನೆ ಮನೆಯಲ್ಲಿ ಎತ್ತಿದ್ದಕ್ಕೆ ಅಕ್ಕ ಕೇಳಿದಳು: ‘ಅಮ್ಮನ ಮಂಡಿ ಹಿಡ್ಕೊಂಡು ಬಸ್ ಹತ್ತೋರು ಯಾರೋ, ನೀನು ಅಲ್ಲಿಂದ ಬರ್ತೀಯಾ?’ ಉತ್ತರವಿಲ್ಲ. ಟೆಂಪೋ ಮನೆ ಬಾಗಿಲಿಗೆ ಬರುತ್ತದೆ, ದೇವಸ್ಥಾನದ ಬಾಗಿಲಿಗೆ ಬಿಡುತ್ತದೆ. ಅದರಲ್ಲಿ ಅಂತ್ಯಾಕ್ಷರಿ ಇದೆ, ಚಿಕ್ಕಮ್ಮನ ಗೊರಕೆ ಇದೆ. ಡಾರ್ಟ್‌ನಲ್ಲಿ ಎಲ್ಲರ ಕಿವಿಗೂ ಇಯರ್‌ಫೋನು. ಇದು ಸಣ್ಣ ವ್ಯತ್ಯಾಸವೇನಲ್ಲ.

ಭಾವನ ಪಟ್ಟಿಗೆ ಮೊದಲ ಕತ್ತರಿ ಬಿದ್ದದ್ದು ಕಾಸ್‌ವೇಗೆ. ಅದು ಉತ್ತರ ಐರ್ಲೆಂಡ್, ಅಂದರೆ ಬ್ರಿಟನ್ನಿನ ಆಳ್ವಿಕೆ. ಗಡಿಯಲ್ಲಿ ಗೇಟಿಲ್ಲ, ತಡೆದು ಕೇಳುವ ಚೌಕಿಯಿಲ್ಲ, ಹೈವೇಯಲ್ಲಿ ಯಾವಾಗ ದಾಟಿದಿರೋ ಗೊತ್ತಾಗುವುದೂ ಇಲ್ಲ. ಆದರೆ ಭಾರತದ ಪಾಸ್‌ಪೋರ್ಟಿಗೆ ಕಾನೂನು ಇದ್ದೇ ಇದೆ: ಐರ್ಲೆಂಡಿನ ವೀಸಾದ ಮೇಲೆ ಬಿಐವಿಎಸ್ (ಬ್ರಿಟಿಷ್-ಐರಿಷ್ ವೀಸಾ ಯೋಜನೆ) ಎಂಬ ಒಕ್ಕಣೆ ಇದ್ದರೆ ಸರಿ, ಇಲ್ಲದಿದ್ದರೆ ಬ್ರಿಟನ್ನಿನ ವೀಸಾ ಬೇರೆ ಬೇಕು. ಭಾವನ ವೀಸಾದಲ್ಲಿ ಅದಿರಲಿಲ್ಲ. ‘ಯಾರೂ ಕೇಳಲ್ಲ ಅಂತೀಯಲ್ಲೋ’ ಎಂದರು. ಹೌದು, ಕೇಳದಿರುವವರೆಗೆ ಕೇಳುವುದಿಲ್ಲ.

ಮೋಹರ್ ಬಗ್ಗೆ ಮಾತ್ರ ಜೋರು ಜಗಳವಾಯಿತು. ಬಂಡೆಗಳು ಅದ್ಭುತವೇ. ಆದರೆ ಹೋಗಲು 250 ಕಿಲೋಮೀಟರಿಗೂ ಹೆಚ್ಚು, ಬರಲು ಮತ್ತಷ್ಟೇ. ಕಷ್ಟಪಟ್ಟು ಮುಟ್ಟಿದ ದಿನ ಮಂಜು ಮುಸುಕಿದ್ದರೆ ಬಿಳಿ ಗೋಡೆ ನೋಡಿಕೊಂಡು ಬರುವುದು. ಇಲ್ಲಿನ ಹವಾಮಾನಕ್ಕೆ ಎರಡು ತಿಂಗಳು ಮುಂಚೆ ತಾರೀಖು ಕೊಡುವುದೆಂದರೆ ನೀರ ಮೇಲೆ ಬರೆದಂತೆ. ಅದಕ್ಕೇ ನನ್ನ ಪದ್ಧತಿಯಲ್ಲಿ ದಿನಗಳಿಗೆ ಊರು ಹಂಚುವುದಿಲ್ಲ. ಬೆಳಗ್ಗೆ ಎದ್ದು ಆಕಾಶ ನೋಡುವುದು. ಬಿಸಿಲಿದ್ದರೆ ಕಡಲು, ಮಳೆಯಾದರೆ ಊರು. ನ್ಯಾಷನಲ್ ಗ್ಯಾಲರಿಗೂ ಚೆಸ್ಟರ್ ಬೀಟಿ ಸಂಗ್ರಹಾಲಯಕ್ಕೂ ಪ್ರವೇಶ ಉಚಿತ, ಅವು ಮಳೆಗೆಂದೇ ಕಾದಿವೆ. ಚೆಸ್ಟರ್ ಬೀಟಿಯಲ್ಲಿ ಮೊಗಲ್ ಚಿತ್ರಗಳ ಮುಂದೆ ಅಕ್ಕ ಒಂದು ಗಂಟೆ ಅಲ್ಲಾಡಲಿಲ್ಲ. ಸಮಯ ಗೊತ್ತುಮಾಡಿ ಟಿಕೆಟ್ ಕೊಳ್ಳಬೇಕಾದದ್ದು ಟ್ರಿನಿಟಿ ಕಾಲೇಜಿನ ಕೆಲ್ಸ್ ಹೊತ್ತಗೆ ಎಂಬ ಪುರಾತನ ಹಸ್ತಪ್ರತಿಗೆ. ಅದನ್ನು ಬಂದ ಮರುದಿನ ಬೆಳಗ್ಗೆಯೇ ಮುಗಿಸಿಬಿಟ್ಟರೆ ಉಳಿದ ದಿನಗಳ ಕೈಕಟ್ಟು ಬಿಚ್ಚುತ್ತದೆ.

ತಂಗಲು ಊರ ನಡುವೆಯೇ ಜಾಗ ಹುಡುಕಬೇಕು ಎಂಬ ನಿಯಮವೂ ಇಲ್ಲ. ಡನ್ ಲೀರಿಯಲ್ಲಿ ಕೋಣೆ ಹಿಡಿದು ಡಬ್ಲಿನ್ ಅನ್ನೇ ‘ಹೋಗಿಬರುವ ಊರು’ ಮಾಡಿಕೊಂಡರೆ ರಾತ್ರಿಯ ಗದ್ದಲ ತಪ್ಪುತ್ತದೆ, ಬೆಳಗ್ಗೆ ಎದ್ದರೆ ಒಂದು ಕಿಲೋಮೀಟರಿಗೂ ಉದ್ದದ ಪೂರ್ವದ ಧಕ್ಕೆಯ ಮೇಲೆ ವಾಕಿಂಗು. ಸೋಮವಾರದ ಸಾರ್ವಜನಿಕ ರಜೆ ಸೇರಿದ ವಾರಾಂತ್ಯವಾದರೆ ಎಚ್ಚರ: ಹಳಿ ಕೆಲಸವನ್ನು ಅಂಥ ದಿನಗಳಿಗೇ ಇಟ್ಟುಕೊಳ್ಳುವುದುಂಟು, ಆಗ ರೈಲಿನ ಬದಲು ಬಸ್ಸು. ಬ್ರೇಯಿಂದ ಗ್ರೇಸ್ಟೋನ್ಸ್‌ಗೆ ಬಂಡೆಯಂಚಿನ ದಾರಿ ನಡೆಯುವ ಆಸೆಯಿದ್ದರೆ ಮೊದಲು ವಿಚಾರಿಸಿ. ಗುಡ್ಡ ಜರಿದು 2021ರಿಂದ ಆ ದಾರಿಗೆ ತಡೆ ಬಿದ್ದಿತ್ತು.

ಮೂರನೇ ದಿನ ಬಿಸಿಲು ಬಂತು. ದಕ್ಷಿಣದ ರೈಲಿನಲ್ಲಿ ಎಡಗಡೆ ಕಿಟಕಿ ಹಿಡಿಸಿದೆ. ಡಾಕಿ ದಾಟಿ ಸುರಂಗದಿಂದ ಹೊರಬರುತ್ತಿದ್ದಂತೆ ಕಿಲೈನಿ ಕೊಲ್ಲಿ ಒಂದೇ ಏಟಿಗೆ ತೆರೆದುಕೊಂಡಿತು. ಭಾವ ಫೋನು ತೆಗೆಯುವುದನ್ನೇ ಮರೆತರು. ವಾಪಸ್ ಬರುವಾಗ ಸ್ಯಾಂಡಿಕೋವ್ ನಿಲ್ದಾಣದಲ್ಲಿ ಇಳಿದು ಫಾರ್ಟಿ ಫೂಟ್‌ಗೆ ನಡೆದೆವು. ಬಂಡೆಗಳ ಮೇಲಿಂದ ನೇರ ಆಳಕ್ಕೆ ಹಾರುವ ಜಾಗ, ಒಂದು ಕಾಲಕ್ಕೆ ಗಂಡಸರಿಗೆ ಮಾತ್ರ ಇತ್ತು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಟವೆಲ್ ಸುತ್ತಿ ಬಟ್ಟೆ ಬದಲಿಸಿ, ನಡುಕವೇ ಇಲ್ಲದೆ ನೀರಿಗಿಳಿದರು. ಜೂನ್ ಆದರೂ ಆ ನೀರು ನಮ್ಮ ಫ್ರಿಜ್ಜಿನ ತಣ್ಣೀರಿನ ತಂಗಿ. ಭಾವ ಪ್ಯಾಂಟು ಮಡಚಿ ಪಾದ ಇಟ್ಟು, ತಕ್ಷಣ ತೆಗೆದು, ‘ಮಲ್ಪೆ ಸಮುದ್ರ ಸ್ವರ್ಗ ಕಣೋ’ ಎಂದರು. ನಾನೂ ಒಪ್ಪಿದೆ. ಆಮೇಲೆ ಅಲ್ಲೇ ಕೂತೆವು, ಎಷ್ಟೋ ಹೊತ್ತು. ಹತ್ತು ಗಂಟೆಗೆ ಹತ್ತಿರವಾದರೂ ಬೆಳಕು ಹೋಗಿರಲಿಲ್ಲ.

ಹದಿಮೂರರಲ್ಲಿ ಆರೇ ಜಾಗ ಆದವು. ಊರಿಗೆ ಹೋದ ಮೇಲೆ ಭಾವ ಬಂಧುಗಳ ಮುಂದೆ ಐರ್ಲೆಂಡನ್ನು ಹೊಗಳಿದರಂತೆ, ಮೋಹರ್ ತೋರಿಸದೆ ಕಳಿಸಿದ್ದಕ್ಕೆ ನನ್ನನ್ನು ಬೈದರಂತೆ. ಆ ಹೊಗಳಿಕೆ ಕೇಳಿ ದೊಡ್ಡಮ್ಮ ಈಗ ಡಿಸೆಂಬರಿನಲ್ಲಿ ಬರುತ್ತೇನೆ ಎನ್ನುತ್ತಿದ್ದಾರೆ. ಆಗ ನಾಲ್ಕು ಗಂಟೆ ದಾಟುತ್ತಲೇ ಸೂರ್ಯ ಮುಳುಗುತ್ತಾನೆ, ದಿನಕ್ಕೊಂದೇ ಊರು ಸಾಧ್ಯ ದೊಡ್ಡಮ್ಮ, ಎಂದು ಫೋನಿನಲ್ಲಿ ವಿವರವಾಗಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

‘ಅದೆಲ್ಲ ಸರಿ ಮಗಾ, ಗಾಡಿ ಎಷ್ಟು ಸೀಟಿಂದು ಮಾಡ್ತೀಯ?’